ಡಂಗುರದ ಅಕ್ಷರವೂ ಅದರ ಔಚಿತ್ಯವೂ

ಮಾತಿಗೆ ಸ್ವರಭೇದವಿರುವಂತೆ ಅಕ್ಷರಕ್ಕೆ ರೂಪಭೇದವುಂಟು. ತಾಯಿಯು ತೊಟ್ಟಿಲ ಬಳಿ ಕುಳಿತು ಹಾಡುವ ಸ್ವರವೊಂದು. ಸಂತೆಯ ಬೀದಿಯಲ್ಲಿ ಡಂಗುರದವನು ಸಾರುವ ಸ್ವರ ಮತ್ತೊಂದು. ಡಂಗುರದವನ ಕಂಠವು ಕರ್ಕಶವೆಂದು ಅವನನ್ನು ಹಳಿಯುವವನು ಅವಿವೇಕಿ. ಆ ಕಂಠವು ಬಹು ದೂರ ಕೇಳಿಸುವುದೆಂದು ಮೆಚ್ಚಿ, ಅವನನ್ನು ಮನೆಗೆ ಕರೆತಂದು ಜೋಗುಳ ಹಾಡಿಸುವವನೂ ಅವಿವೇಕಿಯೇ ಸರಿ. ಅಚ್ಚಿನ ಅಕ್ಷರಗಳ ವಿಷಯದಲ್ಲಿ ಈ ಎರಡು ಬಗೆಯ ಅವಿವೇಕಗಳೂ ಬಹುಕಾಲದಿಂದ ನಡೆದುಬಂದಿವೆ. ಗಣಕಯಂತ್ರವು ಮನೆಮನೆಗೂ ಬಂದು, ಮೊಳೆ ಜೋಡಿಸುವ ಕಸುಬಿನ ಗಂಧವಿಲ್ಲದವರ ಕೈಗೂ ಸಾವಿರಾರು ಅಕ್ಷರರೂಪಗಳು ಒದಗಿದ ಮೇಲಂತೂ ಎರಡನೆಯದು ಮಿತಿಮೀರಿದೆ. ಇದು ಕೇವಲ ರುಚಿಯ ಮಾತು, ಒಬ್ಬೊಬ್ಬರಿಗೆ ಒಂದೊಂದು ಸೊಗಸು, ಇದರಲ್ಲಿ ವಾದವೇಕೆ ಎಂದು ಕೆಲವರು ಹೇಳುವುದುಂಟು. ಓದುವವನ ಕಣ್ಣಿಗೂ ಬರೆದುದರ ಅರ್ಥಕ್ಕೂ ಹಾನಿ ತಟ್ಟುವೆಡೆಯಲ್ಲಿ ರುಚಿಯ ಹೆಸರು ಹೇಳಿ ಜಾರಿಕೊಳ್ಳುವುದು ಸಲ್ಲದು. ಒಂದೇ ಒಂದು ಅಕ್ಷರರೂಪದ ಚರಿತ್ರೆಯನ್ನು ಪರಾಂಬರಿಸಿದರೆ ಈ ವಿಷಯವು ವಿಶದವಾಗುತ್ತದೆ.

ಆ ಅಕ್ಷರರೂಪದ ಹೆಸರು ಪ್ಲೇಬಿಲ್. ನಾಟಕದ ಪ್ರಕಟನಪತ್ರಕ್ಕೆ ಇಂಗ್ಲಿಷಿನಲ್ಲಿ ಆ ಹೆಸರುಂಟು. 1938ರಲ್ಲಿ ರಾಬರ್ಟ್ ಹಾರ್ಲಿಂಗ್ ಎಂಬವರು ಇದನ್ನು ರೂಪಿಸಿದರು. ಇಂಗ್ಲೆಂಡಿನ ಷೆಫೀಲ್ಡ್ ನಗರದ ಸ್ಟೀಫನ್ಸನ್ ಬ್ಲೇಕ್ ಎಂಬ ಮೊಳೆ ಎರಕದ ಸಂಸ್ಥೆಯವರು ಇದನ್ನು ಎರಕಹೊಯ್ದು ಮಾರಾಟಕ್ಕಿಟ್ಟರು. ಇದರ ಲಕ್ಷಣವನ್ನು ಹೇಳುವುದಾದರೆ: ಪ್ರತಿಯೊಂದು ಅಕ್ಷರವೂ ಎತ್ತರಕ್ಕೆ ನಿಂತು ಅಗಲದಲ್ಲಿ ಇಕ್ಕಟ್ಟಾಗಿದೆ. ತಲೆಯಲ್ಲಿಯೂ ಪಾದದಲ್ಲಿಯೂ ದಪ್ಪನೆಯ ಅಡ್ಡಪಟ್ಟಿಗಳು ಕುಳಿತಿವೆ. ಅವುಗಳ ನಡುವಣ ನೆಟ್ಟ ಗೀಟುಗಳು ಆ ಪಟ್ಟಿಗಳಿಗಿಂತ ಸಣ್ಣವು. ಪದವೊಂದನ್ನು ಜೋಡಿಸಿದರೆ ಮೇಲೊಂದು ಕಪ್ಪು ಪಟ್ಟೆ, ಕೆಳಗೊಂದು ಕಪ್ಪು ಪಟ್ಟೆ, ನಡುವೆ ಕಂಬಗಳ ಸಾಲು. ಎರಡು ಹಳಿಗಳ ನಡುವೆ ತೊಲೆಗಳನ್ನು ಹಾಸಿದ ರೈಲುದಾರಿಯಂತೆ ಕಾಣುತ್ತದೆ. ಹುಟ್ಟಿದ ದಿನವೇ ಇದು ಹಳೆಯದಾಗಿತ್ತೆಂಬುದು ಇದರ ಒಂದು ವಿಶೇಷ. ಹಾರ್ಲಿಂಗರು ಹೊಸದನ್ನು ಕಲ್ಪಿಸಹೊರಟವರಲ್ಲ. ಹಿಂದಿನ ಶತಮಾನದ ನಾಟಕ, ಸರ್ಕಸ್ಸುಗಳ ಭಿತ್ತಿಪತ್ರಗಳಲ್ಲಿ ಮೆರೆದು ಮರೆಯಾಗಿದ್ದ ಒಂದು ಜಾತಿಯ ಅಕ್ಷರವನ್ನು ಪುನರುಜ್ಜೀವನಗೊಳಿಸಿದರು. ಅದೇ 1938ರಲ್ಲಿ ನಿಕೊಲೆಟ್ ಗ್ರೇ ಎಂಬ ವಿದುಷಿಯು ಹತ್ತೊಂಬತ್ತನೆಯ ಶತಮಾನದ ಅಲಂಕೃತಾಕ್ಷರಗಳನ್ನು ಕುರಿತು ಲಂಡನ್ನಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದುದನ್ನು ನೋಡಿದರೆ, ಅಲ್ಲಿಯವರೆಗೆ ಕಸವೆಂದು ಎಣಿಸಲ್ಪಟ್ಟಿದ್ದ ಈ ಅಕ್ಷರಗಳ ಕಡೆಗೆ ಬಲ್ಲವರ ದೃಷ್ಟಿ ಆ ಕಾಲದಲ್ಲಿ ಹೊರಳಿತೆಂಬುದು ತಿಳಿದುಬರುತ್ತದೆ.

ಇಂತಹ ಅಕ್ಷರವು ಮೊದಲಿಗೆ ಏಕೆ ಹುಟ್ಟಿತು? ಹದಿನೆಂಟನೆಯ ಶತಮಾನದ ಅಂತ್ಯದವರೆಗೂ ಐರೋಪ್ಯರ ಅಚ್ಚುಕೂಟಗಳಲ್ಲಿ ಪುಸ್ತಕಕ್ಕೆ ಬಳಸುವ ಮೊಳೆಯೇ ಪ್ರಧಾನವಾಗಿತ್ತು. ಪ್ರಕಟನೆಗೂ ಅದನ್ನೇ ದೊಡ್ಡದಾಗಿ ಎರಕಹೊಯ್ದು ಬಳಸುತ್ತಿದ್ದರು. ಯಂತ್ರೋದ್ಯಮವು ಬೆಳೆದು, ಪಟ್ಟಣಗಳು ಹಿಗ್ಗಿ, ಮಾರುವವರು ಹೆಚ್ಚಿದಾಗ ಬೀದಿಯ ಗೋಡೆಗಳೆಲ್ಲ ಕಾಗದಮಯವಾದವು. ಒಂದರ ಪಕ್ಕದಲ್ಲಿ ಮತ್ತೊಂದು ಪ್ರಕಟನೆ ಕೂಗುತ್ತಿರುವಲ್ಲಿ ಪುಸ್ತಕದ ಮೆಲುದನಿ ಯಾರಿಗೆ ಕೇಳಿಸೀತು? ಆಗ ಲಂಡನ್ನಿನ ಎರಕದವರು ಅಕ್ಷರಗಳನ್ನು ದಪ್ಪಗೊಳಿಸಿದರು. 1810ರ ದಶಕದಲ್ಲಿ ವಿನ್ಸೆಂಟ್ ಫಿಗ್ಗಿನ್ಸ್ ಎಂಬವನು ಅಕ್ಷರದ ತುದಿಗಳಿಗೆ ಮರದ ದಿಮ್ಮಿಯಂತಹ ಚೌಕಪಟ್ಟಿಗಳನ್ನು ತೊಡಿಸಿದನು. 1816ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ನನು ತುದಿಯ ಪಟ್ಟಿಗಳನ್ನೇ ಕಿತ್ತೊಗೆದ ಬೋಳು ಅಕ್ಷರವನ್ನು ಅಚ್ಚಿನಲ್ಲಿ ತಂದನು. 1821ರಲ್ಲಿ ಕ್ಯಾಸ್ಲನ್ ಮತ್ತು ಕ್ಯಾಥರ್‌ವುಡ್ ಸಂಸ್ಥೆಯವರು ಇಟಾಲಿಯನ್ ಎಂಬ ಹೆಸರಿನಿಂದ ಒಂದು ವಿಪರೀತಾಕ್ಷರವನ್ನು ಹೊರಡಿಸಿದರು. ರೋಮನ್ ಲಿಪಿಯಲ್ಲಿ ಲೇಖನಿಯ ಸಹಜಗತಿಯಿಂದ ನೆಟ್ಟ ಗೀಟು ದಪ್ಪ, ಅಡ್ಡ ಗೀಟು ತೆಳು. ಇದರಲ್ಲಿ ಅಡ್ಡವೇ ದಪ್ಪ, ನೆಟ್ಟದ್ದೇ ತೆಳು. ಪ್ಲೇಬಿಲ್ಲಿನ ಮೂಲಪುರುಷನು ಇದೇ.

ಇದನ್ನು ಕಂಡು ಶಿಷ್ಟರು ಹೌಹಾರಿದರು. ಟಿ. ಸಿ. ಹ್ಯಾನ್ಸರ್ಡ್ ಎಂಬ ಮುದ್ರಕನು 1825ರ ತನ್ನ ಟೈಪೋಗ್ರಾಫಿಯಾ ಎಂಬ ಗ್ರಂಥದಲ್ಲಿ ಇದನ್ನು ವಿಕಾರವೆಂದು ಖಂಡಿಸಿದನು. ರೋಮನ್ ಲಿಪಿಯ ಗ್ರಂಥವನ್ನು ಓದುವವನ ಕಣ್ಣಿಗೆ ಅದು ವಿಕಾರವೆಂಬುದೇನೋ ನಿಜ. ಆದರೆ ಹೀಬ್ರೂ ಭಾಷೆಯ ಚೌಕಲಿಪಿಯಲ್ಲಿ ಅಡ್ಡ ಗೀಟು ದಪ್ಪವಾಗಿ ನೆಟ್ಟ ಗೀಟು ತೆಳುವಾಗಿರುವುದೇ ಪರಂಪರೆ. ಅಲ್ಲಿ ಅದನ್ನು ಯಾರೂ ವಿಕಾರವೆನ್ನುವುದಿಲ್ಲ. ಆದಕಾರಣ ದಪ್ಪ ತೆಳುವುಗಳಲ್ಲಿ ಹುಟ್ಟುದೋಷವೆಂಬುದಿಲ್ಲ. ಒಂದು ಲಿಪಿಯ ಅಭ್ಯಾಸವನ್ನು ಬೇಕೆಂದೇ ತಲೆಕೆಳಗು ಮಾಡಿದಾಗ ದಾರಿಹೋಕನ ಕಣ್ಣು ಬೆಚ್ಚಿ ನಿಲ್ಲುತ್ತದೆ. ನಿಲ್ಲಿಸುವುದೇ ಪ್ರಕಟನೆಯ ಪ್ರಯೋಜನವಾದುದರಿಂದ ಅಲ್ಲಿ ಆ ವಿಕಾರವೇ ಗುಣವಾಯಿತು.

ಇಕ್ಕಟ್ಟಿಗೂ ಇಂತಹುದೇ ಕಾರಣವುಂಟು. ನಾಟಕದ ಪ್ರಕಟನಪತ್ರವು ಉದ್ದವಾದ, ಅಗಲ ಕಿರಿದಾದ ಹಾಳೆ. ಅದರ ಒಂದೇ ಸಾಲಿನಲ್ಲಿ ನಟನ ಹೆಸರು ಅಂಚಿನಿಂದ ಅಂಚಿಗೆ ತುಂಬಬೇಕು. ನಾಲ್ಕು ಅಕ್ಷರದ ಹೆಸರಾದರೆ ಅಗಲವಾದ ಮೊಳೆ ಸಾಕು. ಹದಿನಾಲ್ಕು ಅಕ್ಷರದ ಹೆಸರಾದರೆ ಎತ್ತರವನ್ನು ತಗ್ಗಿಸದೆ ಅಗಲವನ್ನು ಮಾತ್ರ ಕುಗ್ಗಿಸಿದ ಮೊಳೆ ಬೇಕು. ಎತ್ತರ ತಗ್ಗಿದರೆ ಬೀದಿಯ ಆಚೆಯವನಿಗೆ ಕಾಣದು. ಅಗಲ ಕುಗ್ಗದಿದ್ದರೆ ಹೆಸರು ಹಾಳೆಯಿಂದ ಹೊರಗೆ ಬೀಳುತ್ತದೆ. ಅಷ್ಟು ದೊಡ್ಡ ಮೊಳೆಗಳನ್ನು ಸೀಸದಲ್ಲಿ ಎರಕಹೊಯ್ದರೆ ಬಲು ಭಾರ, ಬೆಲೆಯೂ ಹೆಚ್ಚು. ಈ ತೊಡಕನ್ನು ಬಿಡಿಸಿದುದು ಮರ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಎಂಬವನು 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ಉಪಾಯವನ್ನು ಕಂಡುಹಿಡಿದು, ಮರುವರ್ಷವೇ ಮಾದರಿಗಳ ಪಟ್ಟಿಯನ್ನು ಪ್ರಕಟಿಸಿದನು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಎಂಬವನು ಅದೇ ಯಂತ್ರಕ್ಕೆ, ಒಂದೇ ಮಾದರಿಯನ್ನು ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಕೊರೆಯಬಲ್ಲ ಪ್ಯಾಂಟೋಗ್ರಾಫ್ ಎಂಬ ಸಾಧನವನ್ನು ಕೂಡಿಸಿದನು. ಅಲ್ಲಿಂದ ಮುಂದೆ ಸಂಕುಚಿತ, ಅತಿಸಂಕುಚಿತ ಎಂದು ಮುಂತಾಗಿ ಒಂದೊಂದು ರೂಪಕ್ಕೂ ಹಲವು ಅಗಲಗಳ ಮೊಳೆಗಳು ಮಾರಾಟಕ್ಕೆ ಬಂದವು. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿಯ ಎರಕದ ಮನೆಯಿಂದ ಹೊರಟ ಕ್ಲಾರೆಂಡನ್ ಎಂಬ ದಪ್ಪಕ್ಷರಕ್ಕೆ ಕಾನೂನಿನ ರಕ್ಷಣೆ ದೊರೆತದ್ದು ಮೂರೇ ವರ್ಷ. ಅವಧಿ ತೀರಿದೊಡನೆ ಇತರರೆಲ್ಲ ಅದನ್ನು ನಕಲುಮಾಡಿದರು. ಮುಂದೆ ಆ ಕ್ಲಾರೆಂಡನ್ನಿನ ಮೈಯೂ ಹಳೆಯ ಇಟಾಲಿಯನ್ನಿನ ದಪ್ಪ ಪಾದಗಳೂ ಸೇರಿ ಫ್ರೆಂಚ್ ಕ್ಲಾರೆಂಡನ್ ಎಂಬ ಇಕ್ಕಟ್ಟಿನ ಜಾತಿಯು ಅಮೆರಿಕದ ಸರ್ಕಸ್ಸಿನ ಗೋಡೆಗಳನ್ನೆಲ್ಲ ಆಕ್ರಮಿಸಿತು. ಇದನ್ನೇ ಹಾರ್ಲಿಂಗರು ಪ್ಲೇಬಿಲ್ಲಿನಲ್ಲಿ ಮರಳಿ ತಂದುದು.

ಈ ಚರಿತ್ರೆಯಿಂದ ಸಿದ್ಧವಾಗುವುದೇನು? ಇದರ ಎತ್ತರಕ್ಕೆ ದೂರವು ಕಾರಣ, ಇಕ್ಕಟ್ಟಿಗೆ ಹಾಳೆಯ ಅಳತೆ ಕಾರಣ, ಪಟ್ಟಿಗಳ ದಪ್ಪಕ್ಕೆ ಬೀದಿಯ ಗದ್ದಲ ಕಾರಣ. ಯಾವುದೂ ಹುಚ್ಚಾಟದಿಂದ ಬಂದುದಲ್ಲ. 1843ರ ಫೆಬ್ರವರಿ 14ರಂದು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನಡೆಯಲಿದ್ದ ಪಾಬ್ಲೊ ಫ್ಯಾಂಕನ ಸರ್ಕಸ್ಸಿಗಾಗಿ ಅಚ್ಚಾದ ಭಿತ್ತಿಪತ್ರವೊಂದನ್ನು, 124 ವರ್ಷಗಳ ಅನಂತರ, 1967ರಲ್ಲಿ ಜಾನ್ ಲೆನ್ನನ್ ಎಂಬ ಗಾಯಕನು ಹಳೆಯ ವಸ್ತುಗಳ ಅಂಗಡಿಯಲ್ಲಿ ಕೊಂಡು, ಅದರ ಮಾತುಗಳಿಂದಲೇ ಒಂದು ಹಾಡನ್ನು ಕಟ್ಟಿದ ಸಂಗತಿಯು ಪ್ರಸಿದ್ಧವಾಗಿದೆ. ಒಂದು ರಾತ್ರಿಯ ಆಟಕ್ಕಾಗಿ ಹುಟ್ಟಿದ ಕಾಗದವು ಒಂದು ಶತಮಾನದ ಮೇಲೆಯೂ ಕಣ್ಣನ್ನು ಹಿಡಿದು ನಿಲ್ಲಿಸಿತೆಂದರೆ ಆ ಅಕ್ಷರಗಳನ್ನು ಕೊರೆದವರು ತಮ್ಮ ಕಸುಬನ್ನು ಬಲ್ಲವರೆಂದೇ ಹೇಳತಕ್ಕದ್ದು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಎದುರಾಗುತ್ತದೆ. ಅಕ್ಷರವು ಅರ್ಥಕ್ಕೆ ದಾಸಿ. ಅದು ತನ್ನ ಮೈಯನ್ನು ತೋರಿಸಿಕೊಳ್ಳಬಾರದು. ಅಲಂಕೃತಾಕ್ಷರವೆಂಬುದೇ ಅಶ್ಲೀಲವೆಂಬುದು ಆ ಪಕ್ಷ. ಇದಕ್ಕೆ ದೊಡ್ಡವರ ಬೆಂಬಲವುಂಟು. ವಿಲಿಯಂ ಮಾರಿಸರು 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ತೆರೆದುದು ತಮ್ಮ ಕಾಲದ ಅಗ್ಗದ ಅಚ್ಚಿನ ಮೇಲಣ ಬೇಸರದಿಂದ. ಬಿಯಾಟ್ರಿಸ್ ವಾರ್ಡ್ ಎಂಬವರು 1930ರಲ್ಲಿ ಲಂಡನ್ನಿನ ಮುದ್ರಣಕಲಾವಿದರ ಸಭೆಯಲ್ಲಿ ಮಾತನಾಡುತ್ತ, ಒಳ್ಳೆಯ ಅಚ್ಚು ಸ್ಫಟಿಕದ ಬಟ್ಟಲಿನಂತಿರಬೇಕು, ಪಾನೀಯವು ಕಾಣಬೇಕೇ ಹೊರತು ಬಟ್ಟಲಲ್ಲವೆಂದು ಉಪಮಿಸಿದರು. 1928ರಲ್ಲಿ ಬರ್ಲಿನ್ನಿನಿಂದ ನೂತನ ಮುದ್ರಣಕಲೆಯ ಗ್ರಂಥವನ್ನು ಹೊರಡಿಸಿದ ಯಾನ್ ಚಿಖೋಲ್ಡರಂತೂ ಬೋಳು ಅಕ್ಷರವೊಂದೇ ಈ ಯುಗಕ್ಕೆ ತಕ್ಕುದೆಂದು ಸಾರಿದರು.

ಇದಕ್ಕೆ ಸಮಾಧಾನವೇನೆಂದರೆ: ಪುಸ್ತಕದ ಪುಟಕ್ಕೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಮುನ್ನೂರು ಪುಟಗಳ ಕಾವ್ಯವನ್ನು ಓದುವವನಿಗೆ ಪ್ರತಿ ಸಾಲಿನಲ್ಲಿಯೂ ಅಕ್ಷರವು ಎದ್ದು ನಿಂತು ನಮಸ್ಕರಿಸಿದರೆ ಕಾವ್ಯವು ಎಲ್ಲಿ ಉಳಿಯಿತು? ಆದರೆ ಪುಸ್ತಕವನ್ನು ತೆರೆದವನು ಓದುವ ಸಂಕಲ್ಪ ಮಾಡಿ ಕುಳಿತವನು. ಬೀದಿಯಲ್ಲಿ ನಡೆಯುವವನಿಗೆ ಅಂತಹ ಸಂಕಲ್ಪವಿಲ್ಲ. ಅವನನ್ನು ಕರೆಯಬೇಕು. ಕರೆಯುವ ದನಿಗೂ ಓದಿಸುವ ದನಿಗೂ ಒಂದೇ ಲಕ್ಷಣವನ್ನು ವಿಧಿಸುವುದು ಶಾಸ್ತ್ರವಲ್ಲ, ಹಠ. ಚಿಖೋಲ್ಡರೇ ಕಾಲಾಂತರದಲ್ಲಿ ತಮ್ಮ ಹಠವನ್ನು ಸಡಿಲಿಸಿ, 1947ರಿಂದ 1949ರವರೆಗೆ ಇಂಗ್ಲೆಂಡಿನ ಪೆಂಗ್ವಿನ್ ಪುಸ್ತಕಗಳ ರೂಪವನ್ನು ತಿದ್ದುವಾಗ ಹಳೆಯ ಗ್ರಂಥಪರಂಪರೆಯ ಅಕ್ಷರಗಳಿಗೇ ಮರಳಿದರು. ಸ್ಥಳವನ್ನು ನೋಡಿ ರೂಪವನ್ನು ಆರಿಸಬೇಕೆಂಬ ಪಾಠವು ಆ ಆಚಾರ್ಯರಿಗೂ ತಪ್ಪಲಿಲ್ಲ.

ಎರಡನೆಯ ಪಕ್ಷದವರು ಇದಕ್ಕಿಂತ ಅಪಾಯಕಾರಿಗಳು. ಏಕೆಂದರೆ ಅವರು ಪ್ರೀತಿಯಿಂದ ಕೆಡಿಸುತ್ತಾರೆ. ಹಳೆಯದೆಲ್ಲ ಸೊಗಸು, ಸೊಗಸಾದುದು ಎಲ್ಲೆಡೆಗೂ ಸಲ್ಲುವುದೆಂಬುದು ಅವರ ನ್ಯಾಯ. ಮೈಕ್ರೋಸಾಫ್ಟ್ ಆಫೀಸಿನ ಅಕ್ಷರಭಂಡಾರದಲ್ಲಿ ಪ್ಲೇಬಿಲ್ ಸೇರಿಕೊಂಡುದರಿಂದ ಅದು ಲೆಕ್ಕವಿಲ್ಲದಷ್ಟು ಮೇಜುಗಳ ಮೇಲೆ ಕರೆಯದೆ ಬಂದ ಅತಿಥಿಯಂತೆ ಕುಳಿತಿದೆ. ಕೈಗೆ ಸಿಕ್ಕಿದುದನ್ನು ಬಳಸದೆ ಬಿಡುವವರು ವಿರಳ. ಪರಿಣಾಮವಾಗಿ, ಆಳೆತ್ತರದಲ್ಲಿ ನಿಂತು ಬೀದಿಗೆ ಸಾರಬೇಕಾದ ಅಕ್ಷರವು ಬೆರಳಿನ ಉಗುರಿನಷ್ಟಾಗಿ ಆಮಂತ್ರಣಪತ್ರದಲ್ಲಿಯೂ, ಊಟದ ಪಟ್ಟಿಯಲ್ಲಿಯೂ, ಸೂಚನಾಫಲಕದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆಗ ಏನಾಗುತ್ತದೆ? ರೋಮನ್ ಲಿಪಿಯಲ್ಲಿ ಒಂದು ಅಕ್ಷರವನ್ನು ಮತ್ತೊಂದರಿಂದ ಬೇರ್ಪಡಿಸಿ ತಿಳಿಯಲು ಒಳಗಿನ ಬಿಳಿಯ ಜಾಗವೂ ಹೊರಗಿನ ಬಾಹ್ಯರೇಖೆಯೂ ಮುಖ್ಯ. ಪ್ಲೇಬಿಲ್ಲಿನಲ್ಲಿ ಮೇಲು ಕೆಳಗಿನ ಪಟ್ಟಿಗಳು ಎಲ್ಲ ಅಕ್ಷರಗಳಿಗೂ ಬಹುಮಟ್ಟಿಗೆ ಸಮಾನ. ಒಳಗಿನ ಬಿಳಿಯೋ ಒಂದು ಸೀಳು ಮಾತ್ರ. ದೊಡ್ಡ ಅಳತೆಯಲ್ಲಿ ಆ ಸೀಳೇ ಸಾಕು. ಸಣ್ಣದರಲ್ಲಿ ಅದು ಮುಚ್ಚಿಹೋಗಿ, ಪದವು ಬೇಲಿಯ ಕಂಬಗಳ ಸಾಲಾಗುತ್ತದೆ. ಒಂದು ಪದವಾದರೆ ಊಹಿಸಬಹುದು. ಒಂದು ಕಂಡಿಕೆಯನ್ನೇ ಅದರಲ್ಲಿ ಜೋಡಿಸಿದರೆ ಓದುಗನು ಬೇಲಿಯನ್ನು ಹಾರುವ ಶ್ರಮವನ್ನು ಪಡಬೇಕು. ಔಷಧದ ಪ್ರಮಾಣವನ್ನೋ ಅಪಾಯದ ಎಚ್ಚರಿಕೆಯನ್ನೋ ಇಂತಹ ಅಕ್ಷರದಲ್ಲಿ ಬರೆದವನು ಬರೆಯಲಿಲ್ಲ, ಮುಚ್ಚಿಟ್ಟನು.

ಅಲ್ಲದೆ ಅಕ್ಷರಕ್ಕೆ ಸ್ಮೃತಿಯೂ ಅಂಟಿಕೊಂಡಿರುತ್ತದೆ. ಅಮೆರಿಕದ ಪಶ್ಚಿಮದ ಕುದುರೆಸವಾರರ ಚಲಚ್ಚಿತ್ರಗಳಿಂದಾಗಿ, ಈ ಜಾತಿಯ ಅಕ್ಷರವನ್ನು ಕಂಡೊಡನೆ ಜನರಿಗೆ ತಲೆತಪ್ಪಿಸಿಕೊಂಡ ಕಳ್ಳನ ಹಿಡಿಗಾಣಿಕೆಯ ಪ್ರಕಟನೆಯೂ ಸೆರೆಂಗಡಿಯ ಬಾಗಿಲೂ ನೆನಪಾಗುತ್ತವೆ. ಆಟಕ್ಕೆ ಈ ನೆನಪು ಒಳ್ಳೆಯದೇ. ಶ್ರದ್ಧಾಂಜಲಿಯ ಪತ್ರದಲ್ಲಿ ಅದೇ ಅಕ್ಷರವನ್ನಿಟ್ಟರೆ ಸತ್ತವನ ಮೇಲೆ ಬಹುಮಾನ ಸಾರಿದಂತಾಗುವುದಿಲ್ಲವೆ? ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯನ್ನು ಬರೆದು, ಡಾಬನ್ನು ಕೊರಳಿಗೆ ಕಟ್ಟಿ ಹಾರವನ್ನು ಸೊಂಟಕ್ಕೆ ಸುತ್ತಿಕೊಂಡವರು ನಗೆಗೀಡಾಗುವರೆಂಬ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಡಾಬೂ ಚಿನ್ನವೇ, ಹಾರವೂ ಚಿನ್ನವೇ, ಕೆಟ್ಟುದು ಸ್ಥಾನ. ಅಚ್ಚಿನ ಮೊಳೆಯನ್ನು ಕಾಣದ ಆ ಆಲಂಕಾರಿಕನ ಮಾತು ಅಚ್ಚಿನ ಮೊಳೆಗೂ ಸಲ್ಲುವಷ್ಟು ವ್ಯಾಪಕವಾಗಿದೆ.

ಇಷ್ಟೂ ಪರದೇಶದ ಲಿಪಿಯ ಮಾತು, ಕನ್ನಡಿಗರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ಕನ್ನಡಕ್ಕೆ ಬಂದಿರುವ ಕೇಡು ಇದಕ್ಕಿಂತ ದೊಡ್ಡದಾದುದರಿಂದಲೇ ಈ ಪ್ರಸಂಗವನ್ನು ಎತ್ತಬೇಕಾಯಿತು. ಇಕ್ಕಟ್ಟಿನ ಅಕ್ಷರ ಬೇಕಾದಾಗ ಇಂದಿನ ಫಲಕಗಳನ್ನು ಮಾಡುವವರು ಕೈಗೊಳ್ಳುವ ಉಪಾಯವೆಂದರೆ, ಸಾಮಾನ್ಯ ಕನ್ನಡ ಅಕ್ಷರವನ್ನು ಗಣಕಯಂತ್ರದಲ್ಲಿ ಎರಡು ಪಕ್ಕದಿಂದಲೂ ಹಿಂಡುವುದು. ಅಗಲವನ್ನು ಅರ್ಧಕ್ಕೆ ಹಿಂಡಿದರೆ ನೆಟ್ಟ ಗೀಟುಗಳ ದಪ್ಪವೂ ಅರ್ಧವಾಗುತ್ತದೆ. ಅಡ್ಡ ಗೀಟುಗಳ ದಪ್ಪವು ಇದ್ದಂತೆಯೇ ಉಳಿಯುತ್ತದೆ. ತಲೆಕಟ್ಟು ಭಾರವಾಗಿ, ಮೈ ಬಡಕಲಾಗಿ, ಪ್ಲೇಬಿಲ್ಲಿನ ವಿಪರೀತವು ತಾನಾಗಿ ಬಂದುಬಿಡುತ್ತದೆ. ಆದರೆ ಪ್ಲೇಬಿಲ್ಲಿನಲ್ಲಿ ಅದು ಬಲ್ಲವನೊಬ್ಬನು ಅಳೆದು ತಂದ ವೈಪರೀತ್ಯ. ಪ್ರತಿ ಅಕ್ಷರವನ್ನೂ ಆ ಇಕ್ಕಟ್ಟಿಗಾಗಿಯೇ ಹೊಸದಾಗಿ ಬರೆದುದಾಗಿದೆ. ಹಿಂಡಿದ ಕನ್ನಡದಲ್ಲಿಯಾದರೋ ಯಾರೂ ಬಯಸದೆ, ಯಾರೂ ನೋಡದೆ ಬಂದ ವಿಕಾರ. ಒಂದು ವೇಷ, ಮತ್ತೊಂದು ರೋಗ.

ಅದರಲ್ಲಿಯೂ ಕನ್ನಡ ಲಿಪಿಯ ಸ್ವಭಾವವೇ ಬೇರೆ. ರೋಮನ್ ಲಿಪಿಯ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸೈನಿಕರಂತೆ ನಿಲ್ಲಬಲ್ಲವು. ಕನ್ನಡದ ಅಕ್ಷರಗಳು ದುಂಡಗೆ ಹರಡಿಕೊಳ್ಳತಕ್ಕವು. ಅವುಗಳ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕಾಲ ಕೆಳಗೆ ಒತ್ತಕ್ಷರ. ಸ್ವಾತಂತ್ರ್ಯವೆಂಬ ಒಂದು ಶಬ್ದದಲ್ಲಿಯೇ ಮೂರು ಒತ್ತುಗಳುಂಟು. ಇನ್ನು ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ನೋಡಿದರೆ, ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಅಂತರವೆಲ್ಲ ಅಡಿಯಲ್ಲಿರುವ ಒಂದು ಸಣ್ಣ ಗೀಟು. ಠಕಾರವನ್ನು ರಕಾರದಿಂದ ಬೇರೆಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಹಿಂಡಿ ದಪ್ಪಗೊಳಿಸಿದ ಫಲಕದಲ್ಲಿ ಮೊದಲು ಅಳಿಯುವುದು ಈ ಗೀಟು, ಈ ಚುಕ್ಕೆ. ಧನವು ದನವಾಗುತ್ತದೆ, ಪಾಠವು ಪಾರವಾಗುತ್ತದೆ, ಫಲವು ಪಲವಾಗುತ್ತದೆ. ವ್ಯಾಕರಣವನ್ನು ಓದಿದ ದೊಡ್ಡವರು ಸಂದರ್ಭದಿಂದ ತಿದ್ದಿಕೊಂಡು ಮುಂದೆ ಹೋದಾರು. ಎರಡನೆಯ ತರಗತಿಯ ಬಾಲಕನು ಬೀದಿಯ ಫಲಕಗಳನ್ನು ಕೂಡಿಸಿ ಓದುತ್ತ ನಡೆಯುವುದನ್ನು ಕಂಡವರೆಲ್ಲ ಬಲ್ಲರು: ಅವನಿಗೆ ಅವೇ ಪುಸ್ತಕ. ಶಾಲೆಯಲ್ಲಿ ತಿದ್ದಿಸಿದ ಮಹಾಪ್ರಾಣವನ್ನು ಸಂಜೆಯ ಹೊತ್ತಿಗೆ ಬೀದಿಯು ಅಳಿಸಿಹಾಕಿದರೆ ಉಪಾಧ್ಯಾಯನು ಯಾರ ಮೇಲೆ ಕೋಪಿಸಿಕೊಳ್ಳಬೇಕು?

ಹಾಗಾದರೆ ಕನ್ನಡದಲ್ಲಿ ಇಕ್ಕಟ್ಟಿನ ಅಲಂಕೃತಾಕ್ಷರವೇ ಕೂಡದೆ? ಅದು ಸಿದ್ಧಾಂತವಲ್ಲ. ವೃತ್ತಿನಾಟಕದ ಪ್ರಕಟನೆಗಳಲ್ಲಿಯೂ ಚಲಚ್ಚಿತ್ರದ ದೊಡ್ಡ ಫಲಕಗಳಲ್ಲಿಯೂ ಕುಂಚ ಹಿಡಿದ ಚಿತ್ರಕಾರರು ಕನ್ನಡವನ್ನು ನೀಳವಾಗಿ, ಇಕ್ಕಟ್ಟಾಗಿ, ನೆರಳು ಕೊಟ್ಟು, ಬಣ್ಣ ತುಂಬಿ ಬರೆದು ಮೆಚ್ಚಿಸಿದ್ದಾರೆ. ಅವರು ಅಕ್ಷರವನ್ನು ಹಿಂಡಲಿಲ್ಲ, ಬರೆದರು. ಒತ್ತಕ್ಷರಕ್ಕೆ ಎಡೆ ಸಾಲದಿದ್ದರೆ ಮೇಲಿನ ಅಕ್ಷರದ ಹೊಟ್ಟೆಯನ್ನು ಎತ್ತಿ ಜಾಗ ಮಾಡಿಕೊಟ್ಟರು. ಧಕಾರದ ಗೀಟು ಮರೆಯಾಗುವಂತಿದ್ದರೆ ಅದನ್ನು ಬೇಕೆಂದೇ ಉದ್ದ ಮಾಡಿದರು. ವೇಷ ತೊಟ್ಟರೂ ವ್ಯಕ್ತಿಯ ಗುರುತು ತಪ್ಪದಂತೆ ನೋಡಿಕೊಳ್ಳುವ ಜಾಣ್ಮೆ ಅದು. ಆ ಜಾಣ್ಮೆಯನ್ನು ಗಣಕಯಂತ್ರದಲ್ಲಿಯೂ ತರಬಹುದು. ಅದಕ್ಕೆ ಬೇಕಾದುದು ಇಕ್ಕಟ್ಟಿಗೆಂದೇ ಮೂಲದಿಂದ ಬರೆದ ಕನ್ನಡ ಅಕ್ಷರಗಳು, ಮತ್ತು ಅವನ್ನು ಬರೆದವನಿಗೆ ಸಲ್ಲುವ ಕೂಲಿ.

ಈಚೆಗೆ ಇನ್ನೊಂದು ಸಮರ್ಥನೆಯೂ ಕೇಳಿಬರುತ್ತದೆ: ಓದುವವರು ಎಂತಹ ಅಕ್ಷರಕ್ಕಾದರೂ ಒಗ್ಗಿಕೊಳ್ಳುವರು, ಅಭ್ಯಾಸವೇ ಎಲ್ಲವೆಂದು. ಒಗ್ಗಿಕೊಳ್ಳುವುದು ನಿಜ. ಕಲ್ಲಿರುವ ಅನ್ನಕ್ಕೂ ಬಾಯಿ ಒಗ್ಗಿಕೊಳ್ಳುತ್ತದೆ; ಆದಕಾರಣ ಅಕ್ಕಿಯನ್ನು ಆರಿಸಬೇಕಾಗಿಲ್ಲವೆಂದು ಯಾವ ಗೃಹಿಣಿಯೂ ಹೇಳುವುದಿಲ್ಲ.

ಆದುದರಿಂದ ಸಾರಾಂಶವಿಷ್ಟು. ಅಲಂಕೃತವಾದ ಇಕ್ಕಟ್ಟಿನ ಅಕ್ಷರವು ದೊಡ್ಡದಾಗಿರಲಿ. ಒಂದೆರಡು ಪದಗಳಿಗೆ ಮೀಸಲಾಗಿರಲಿ. ಉತ್ಸವಕ್ಕೆ, ಆಟಕ್ಕೆ, ಸಂತೆಗೆ ಕರೆಯಲಿ. ಕರೆದ ಮೇಲೆ ಹೇಳತಕ್ಕ ವಿಷಯವನ್ನು, ಅಂದರೆ ದಿನ, ಸ್ಥಳ, ಬೆಲೆ, ಎಚ್ಚರಿಕೆಗಳನ್ನು ಸರಳವಾದ ಅಕ್ಷರಕ್ಕೆ ಒಪ್ಪಿಸಿ ತಾನು ಹಿಂದೆ ಸರಿಯಲಿ. ಕನ್ನಡದಲ್ಲಿ ಅದನ್ನು ಬಳಸುವವರು ಹಿಂಡಿದುದನ್ನು ಬಿಟ್ಟು ಬರೆದುದನ್ನೇ ಬಳಸಲಿ. ಫಲಕವನ್ನು ಗೋಡೆಗೆ ಏರಿಸುವ ಮೊದಲು ಒಂದು ಮಗುವನ್ನು ಕರೆದು ಓದಿಸಲಿ. ಆ ಮಗು ಧನವನ್ನು ಧನವೆಂದೇ ಓದಿದರೆ ಏರಿಸಲಿ, ದನವೆಂದರೆ ಇಳಿಸಲಿ. ಇದಕ್ಕಿಂತ ಸುಲಭವಾದ ಪರೀಕ್ಷೆಯೂ ಇಲ್ಲ, ಕಠಿಣನಾದ ಪರೀಕ್ಷಕನೂ ಇಲ್ಲ. ಇತ್ಯಲಮ್.